ವಿಮಾನದ ನೋಟೀಸಿಗೆ ಉತ್ತರ ಬರೆಯುವ ಮೈಮುನಬಿ

ಬೆಳಗಿನ ಐದೂವರೆ. ಗಜೇಂದ್ರಗಡದ ಬಸ್ ನಿಲ್ದಾಣಕ್ಕೆ ಹುಬ್ಬಳ್ಳಿಯ ಮೊದಲ ಬಸ್ಸು ಇನ್ನೂ ಬಂದಿಲ್ಲ. ಎದುರಿನ ಸಾಲಿನಲ್ಲಿ ಒಂದೇ ಒಂದು ಅಂಗಡಿಯ ಶಟರ್ ಅರ್ಧ ಎದ್ದಿದೆ. ಒಳಗೆ ಝೆರಾಕ್ಸ್ ಯಂತ್ರ, ಕಂಪ್ಯೂಟರು. ಹೊರಗೆ ಕಟ್ಟೆಯ ಮೇಲೆ ಒಂದರ ಹಿಂದೊಂದು ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಅವುಗಳಲ್ಲಿ ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೊರಟಿರುವ ವಯಸ್ಸಾದ ದಂಪತಿ ಕುಳಿತಿದ್ದಾರೆ. ಗುಜರಿಯಿಂದ ತಂದ ಜೀಪಿನ ಬೆಲ್ಟನ್ನು ಅಜ್ಜನ ಸೊಂಟಕ್ಕೆ ಬಿಗಿದು, ಬಿಚ್ಚಿ, ಮತ್ತೆ ಬಿಗಿದು ತೋರಿಸುತ್ತಿರುವವರು ಮೈಮುನಬಿ.

"ವಿಮಾನ ನೆಲಕ್ಕ ಇಳದ ಮ್ಯಾಲೂ ಏಳಂಗಿಲ್ಲರೀ. ಅದು ಓಡತಿರತೈತಿ. ನಡುವ ಒಮ್ಮೆ ನಿಂತರೂ ಏಳಂಗಿಲ್ಲ. ತಲಿ ಮ್ಯಾಲಿನ ಬೆಲ್ಟಿನ ದೀಪ ಆರಬೇಕು, ಆಮ್ಯಾಲ."

"ಮಂದಿ ಎದ್ರ?" ಅಜ್ಜ ಕೇಳುತ್ತಾರೆ.

"ಮಂದಿ ಏಳ್ಲಿ. ನೀವು ಕುಂದರ್ರಿ."

ದನಿ ಗಡಸಾಗಿಯೇ ಇದೆ. ಇದೊಂದು ಮಾತನ್ನು ಮಾತ್ರ ಅವರು ಇಬ್ಬರ ಬಾಯಿಂದಲೂ ಮೂರು ಮೂರು ಸಲ ಹೇಳಿಸುತ್ತಾರೆ. ಬಸ್ಸು ಬಂದು ದಂಪತಿ ಹತ್ತಿದ ಮೇಲೂ ಕಿಟಕಿಯ ಹತ್ತಿರ ಹೋಗಿ ಇನ್ನೊಮ್ಮೆ ಕೇಳಿ ಬರುತ್ತಾರೆ. ಅವರು ಜಿದ್ದಾ ಮುಟ್ಟಿದ ಸುದ್ದಿ ಬರುವ ತನಕ ಈಕೆಗೆ ನೆಮ್ಮದಿಯಿಲ್ಲ. "ಮೊದಲ ಹಿಂಗ ಇರಲಿಲ್ರಿ ನಾನು. ಈಶಪ್ಪಂದು ಆದ ಮ್ಯಾಲ ಹಿಂಗ ಆಗೇತಿ" ಎನ್ನುತ್ತಾರೆ.

ಮೈಮುನಬಿಗೆ ಈಗ ನಲವತ್ತೇಳು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತವರು. ರೋಣದ ಕೋರ್ಟಿನ ಎದುರು ಮರದ ಕೆಳಗೆ ಮೇಜು ಹಾಕಿಕೊಂಡು ಹನ್ನೊಂದು ವರ್ಷ ವಕೀಲರ ಕಾಗದ ಬೆರಳಚ್ಚು ಮಾಡಿದರು. ಇಂಗ್ಲಿಷು ಬಂದದ್ದು ಅಲ್ಲೇ, ಟೈಪ್ ಮಾಡುತ್ತ ಮಾಡುತ್ತ. ಗಂಡ ಉಸ್ಮಾನಸಾಬರು ಮನೆಯಲ್ಲೇ ಕೈಮಗ್ಗ ನೇಯುತ್ತಾರೆ. ಗಜೇಂದ್ರಗಡದಲ್ಲಿ ಈ ಅಂಗಡಿ ತೆರೆದು ಒಂಬತ್ತು ವರ್ಷ. ದಿನಕ್ಕೆ ಮೂವತ್ತು ನಲವತ್ತು ಅರ್ಜಿ ಅವರ ಕೈಮೇಲೆ ಹೋಗುತ್ತವೆ. ತಿಂಗಳಿಗೆ ಆರೇಳು ಮಂದಿ ಮೊದಲ ಬಾರಿ ವಿಮಾನ ಹತ್ತುವವರು. ಕೆಲವರು ಉಮ್ರಾಕ್ಕೆ, ಹೆಚ್ಚಿನವರು ಕೊಲ್ಲಿ ದೇಶಗಳಿಗೆ ಗಾರೆ, ಟೈಲ್ಸ್, ವೆಲ್ಡಿಂಗ್ ಕೆಲಸಕ್ಕೆ. ಪಾಸ್‌ಪೋರ್ಟಿನ ಫಾರ್ಮ್ ತುಂಬಿಸಲು ಬಂದವರು, ಒಳಗೆ ಹ್ಯಾಂಗ ಕೂಡ್ರೋದು, ಬೀಡಿ ಸೇದಬಹುದೇನು ಅಂತ ಕೇಳತೊಡಗಿದಾಗ ಕುರ್ಚಿಗಳು ಹೊರಬಂದವು. ಅದಕ್ಕೆ ಅವರು ಏನೂ ತೆಗೆದುಕೊಳ್ಳುವುದಿಲ್ಲ.

ಹೊಳೆಮಣ್ಣೂರಿನ ಈಶಪ್ಪ ಟೈಲ್ಸ್ ಕೂಡಿಸುವ ಕೆಲಸಗಾರ, ಮೂವತ್ತನಾಲ್ಕರ ಆಸುಪಾಸು. ಮಸ್ಕತ್‌ನಲ್ಲಿ ಕೆಲಸ ಸಿಕ್ಕಿತ್ತು. ಹುಬ್ಬಳ್ಳಿಯಿಂದ ಮುಂಬೈಗೆ, ಅಲ್ಲಿಂದ ಅದೇ ಕಂಪನಿಯ ವಿಮಾನದಲ್ಲಿ ಮಸ್ಕತ್‌ಗೆ. ಹೊರಡುವ ಮುನ್ನ ಇದೇ ಕಟ್ಟೆಯ ಮೇಲೆ ಕುಳಿತು ಪಾಠ ಹೇಳಿಸಿಕೊಂಡಿದ್ದ. ಆ ದಿನ ಮೈಮುನಬಿ ಅವನಿಗೆ ಒತ್ತಿ ಹೇಳಿದ್ದು ಬೇರೆ ಮಾತು: "ಪಾಸ್‌ಪೋರ್ಟ್ ಇರೋ ಚೀಲ ಯಾರ ಕೈಗೂ ಕೊಡಬ್ಯಾಡ. ಯಾರ ಕೇಳಿದ್ರೂ ಕೊಡಬ್ಯಾಡ."

ಮುಂಬೈಯಲ್ಲಿ ವಿಮಾನ ಇಳಿದು ನೆಲದ ಮೇಲೆ ಸಾಗುತ್ತ ಒಂದು ಕ್ಷಣ ನಿಂತಿತು. ಊರು ಬಂತೆಂದು ಈಶಪ್ಪ ಎದ್ದ. ಮೇಲಿನ ಗೂಡಿನಿಂದ ಚೀಲ ಅರ್ಧ ಎಳೆದ. ಗಗನಸಖಿ ಓಡಿ ಬಂದು ಏನೋ ಕೂಗಿ ಚೀಲವನ್ನು ಒಳಗೆ ಒತ್ತಿದಳು. ಹಿಂದಿ, ಇಂಗ್ಲಿಷು ಎರಡೂ ಅವನಿಗೆ ತಿಳಿಯದು. ಚೀಲ ಕಸಿಯುತ್ತಿದ್ದಾಳೆಂದುಕೊಂಡು ಅವಳ ಕೈಯನ್ನು ತಳ್ಳಿದ. ಅಷ್ಟರಲ್ಲಿ ವಿಮಾನ ಮುಂದೆ ಸರಿಯಿತು. ಆಕೆ ಜೋಲಿ ತಪ್ಪಿದಳು, ಮೊಣಕೈ ಸೀಟಿನ ಅಂಚಿಗೆ ಬಡಿಯಿತು.

ಪೊಲೀಸರು ಠಾಣೆಯಲ್ಲಿ ಕೂರಿಸಿ ಇಂಗ್ಲಿಷಿನ ಹೇಳಿಕೆಯೊಂದಕ್ಕೆ ಸಹಿ ಮಾಡಿಸಿಕೊಂಡು ಬಿಟ್ಟರು. ಮಸ್ಕತ್ ವಿಮಾನಕ್ಕೆ ಕಂಪನಿ ಹತ್ತಿಸಿಕೊಳ್ಳಲಿಲ್ಲ. ಮೂರನೆಯ ದಿನ ರೈಲು, ಬಸ್ಸು ಬದಲಿಸುತ್ತ ಬಂದವನು ಊರಿಗೆ ಹೋಗದೆ ನೇರವಾಗಿ ಈ ಅಂಗಡಿಗೆ ಬಂದ. "ಅಕ್ಕಾರ, ಚೀಲ ಕೊಡಲಿಲ್ರಿ ನಾ" ಎಂದು ಅತ್ತ. ಅದು ತಾವೇ ಒತ್ತಿ ಹೇಳಿದ ಮಾತೆಂದು ಮೈಮುನಬಿಗೆ ಆಗ ಹೊಳೆಯಿತು.

ವಾರದಲ್ಲಿ ವಿಮಾನ ಕಂಪನಿಯ ನೋಟೀಸು ಮೈಮುನಬಿಯ ಇಮೇಲಿಗೇ ಬಂತು. ಈಶಪ್ಪನಿಗೆ ಬೇರೆ ವಿಳಾಸವಿರಲಿಲ್ಲ. ಒಂಬತ್ತು ಪುಟ, ಇಂಗ್ಲಿಷಿನಲ್ಲಿ: ಸಿಬ್ಬಂದಿಯನ್ನು ತಳ್ಳಿದ್ದಕ್ಕೆ ವಿಚಾರಣೆ. ಅವರು ನಿಯಮ ಹುಡುಕಿ ಓದಿದರು. ವಿಮಾನದಲ್ಲಿ ಅಶಿಸ್ತಿನಿಂದ ನಡೆದುಕೊಂಡವರಿಗೆ ಶಿಕ್ಷೆಯ ಮೂರು ಹಂತಗಳಿವೆ. ಬೈಗುಳ, ಕೆಟ್ಟ ಸನ್ನೆ, ಕುಡಿದು ರಂಪ ಮಾಡಿದರೆ ಮೂರು ತಿಂಗಳ ತನಕ ಹಾರಾಟಕ್ಕೆ ತಡೆ. ತಳ್ಳಿದರೆ, ಹೊಡೆದರೆ ಆರು ತಿಂಗಳ ತನಕ. ಜೀವಕ್ಕೆ ಅಪಾಯ ತಂದರೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ನಿವೃತ್ತ ಜಿಲ್ಲಾ ನ್ಯಾಯಾಧೀಶರ ಸಮಿತಿ ಮೂವತ್ತು ದಿನಗಳಲ್ಲಿ ತೀರ್ಮಾನ ಹೇಳಬೇಕು. ಒಂದು ಕಂಪನಿಯ ಪಟ್ಟಿಗೆ ಹೆಸರು ಸೇರಿದರೆ ಉಳಿದ ಕಂಪನಿಗಳೂ ಟಿಕೆಟ್ ನಿರಾಕರಿಸಬಹುದು. ಈಶಪ್ಪನ ವೀಸಾಕ್ಕೆ ಇದ್ದದ್ದು ಮೂರು ತಿಂಗಳು ಮಾತ್ರ. ಆರು ತಿಂಗಳ ತಡೆ ಬಿದ್ದರೆ ಮಸ್ಕತ್ ಮುಗಿದಂತೆ.

"ಊಟ ಸೇರತಿರಲಿಲ್ರಿ. ಇವರು ಮಗ್ಗದಾಗ ಕುಂತು, ಅಷ್ಟ್ಯಾಕ ಬಡಕೋತಿ, ನೀನೇನ್ ದಬ್ಬೀಯೇನು ಅಂತಿದ್ರು. ದಬ್ಬಿಲ್ಲ, ಖರೇ. ಆದ್ರ ಹೇಳಿ ಕಳಿಸಿದಾಕಿ ನಾನ ಅಲ್ರಿ?"

ವಿಚಾರಣೆ ವಿಡಿಯೊ ಕರೆಯಲ್ಲಿ, ಮಧ್ಯಾಹ್ನ ಮೂರಕ್ಕೆ. ಭಾಷಾಂತರಕ್ಕೆ ಮೈಮುನಬಿಯೇ ಕೂರಬಹುದೆಂದು ಸಮಿತಿ ಒಪ್ಪಿತ್ತು. ಅಂಗಡಿಯ ಶಟರ್ ಎಳೆದು ಇಬ್ಬರೂ ಕಂಪ್ಯೂಟರ್ ಎದುರು ಕುಳಿತರು. ಈಶಪ್ಪನ ಹೆಂಡತಿ ಪೂಜಾ ಬಾಗಿಲ ಹೊರಗೆ ನಿಂತಿದ್ದಳು. ನ್ಯಾಯಾಧೀಶರ ಮೊದಲ ಪ್ರಶ್ನೆಯೇ ಅದು: ನೀವು ಸಿಬ್ಬಂದಿಯನ್ನು ತಳ್ಳಿದಿರಾ?

"ದಬ್ಬಿದ್ನಿರೀ" ಎಂದ ಈಶಪ್ಪ.

ಕೈ ಸರಿಸಿದೆ ಎಂದು ಮೈಮುನಬಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟಿದ್ದರೆ ಸಾಕಿತ್ತು. ಆ ಕಡೆ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಮೈಮುನಬಿ ಈಶಪ್ಪನ ಮುಖ ನೋಡಿದರು, ತಳ್ಳಿದೆ ಎಂದೇ ಹೇಳಿದರು.

ಯಾಕೆ ತಳ್ಳಿದಿರಿ ಎಂಬುದು ಮುಂದಿನ ಪ್ರಶ್ನೆ.

"ಚೀಲ ಯಾರ ಕೈಗೂ ಕೊಡಬ್ಯಾಡ ಅಂತ ಅಕ್ಕಾರು ಹೇಳಿದ್ರಿ. ಅದರಾಗ ಪಾಸ್‌ಪೋರ್ಟ್ ಇತ್ತು. ಆ ವಿಮಾನದ ಬಾಯಾರು ಕಸಗೊಳ್ಳಾಕ ಬಂದಾರಂತ ತಿಳದ್ನಿ. ಅವರ ಕೈಗೆ ಪೆಟ್ಟಾತು, ನಂದು ತಪ್ಪೈತಿ."

ಅದನ್ನೂ ಅವರು ಒಂದು ಪದ ಬಿಡದೆ ಹೇಳಿದರು. ಕೊನೆಗೆ, ಯಾರೂ ಕೇಳದಿದ್ದರೂ, ತಮ್ಮದೊಂದು ಮಾತು ಸೇರಿಸಿದರು: "ಇವ ಹೇಳಿದ ಅಕ್ಕಾ ನಾನೇ, ಸರ್. ದೀಪ ಆರುವ ತನಕ ಏಳಬಾರದು ಅಂತ ಹೇಳೋದನ್ನ ಮರೆತಾಕಿನೂ ನಾನೇ."

ಆಮೇಲೆ ನ್ಯಾಯಾಧೀಶರು, ಹೇಗೆ ತಳ್ಳಿದಿರಿ ತೋರಿಸಿ ಎಂದರು. ಈಶಪ್ಪ ಮೈಮುನಬಿಯ ಮಣಿಕಟ್ಟಿನ ಮೇಲೆ ಅಂಗೈ ಇಟ್ಟು ಪಕ್ಕಕ್ಕೆ ನೂಕಿ ತೋರಿಸಿದ.

ತಳ್ಳಿದೆ ಎಂಬ ಪದವನ್ನು ಸ್ವಲ್ಪ ಮೆತ್ತಗೆ ಮಾಡಬಹುದಿತ್ತಲ್ಲ ಎಂದು ನಾನು ಕೇಳುತ್ತೇನೆ. ಅವರು ಝೆರಾಕ್ಸ್ ಯಂತ್ರಕ್ಕೆ ಕಾಗದ ತುಂಬುತ್ತ ಉತ್ತರಿಸುತ್ತಾರೆ. "ಮಾಡಬಹುದಿತ್ರಿ. ಯಾರಿಗೂ ಗೊತ್ತಾಗತಿರಲಿಲ್ಲ. ಆದ್ರ ಆ ಹುಡುಗಿಗೆ ಪೆಟ್ಟ ಬಿದ್ದಿದ್ದು ಖರೇ ಐತೆಲ್ರಿ. ಆಕಿನೂ ದುಡಿಯಾಕ ಬಂದಾಕಿ. ಆಕಿ ಕಡೆ ಯಾರ್ ಕುಂತಿದ್ರು ಅಲ್ಲಿ?" ವಿಚಾರಣೆಗೂ ಮೊದಲೇ ಈಶಪ್ಪನಿಂದ ಆಕೆಗೊಂದು ಕ್ಷಮೆಯ ಪತ್ರ ಬರೆಸಿ ಕಂಪನಿಗೆ ಕಳಿಸಿದ್ದರು. ಅದಕ್ಕೆ ಉತ್ತರ ಬರಲಿಲ್ಲ.

ತೀರ್ಪಿಗೆ ಹನ್ನೆರಡು ದಿನ ಕಾದರು. ಪೂಜಾ ದಿನವೂ ಫೋನ್ ಮಾಡುತ್ತಿದ್ದಳು, "ಬಂತೇನ್ರಿ ಅಕ್ಕಾರ?" ಎಂದು. ಬಂದ ದಿನ ಇಮೇಲ್ ತೆರೆಯಲು ಧೈರ್ಯವಾಗದೆ ಮೈಮುನಬಿ ಮೊದಲು ಎದ್ದು ನೀರು ಕುಡಿದರು. ತಪ್ಪು ಎರಡನೆಯ ಹಂತದ್ದೇ, ತಳ್ಳಿದ್ದು ತಳ್ಳಿದ್ದೇ ಎಂದಿತ್ತು ಸಮಿತಿ. ಆದರೆ ತಪ್ಪು ಒಪ್ಪಿಕೊಂಡದ್ದನ್ನೂ ಭಾಷೆ ತಿಳಿಯದ್ದನ್ನೂ ಗಮನಿಸಿ ತಡೆಯನ್ನು ನಲವತ್ತೈದು ದಿನಕ್ಕೆ ನಿಲ್ಲಿಸಿತ್ತು, ಘಟನೆಯ ದಿನದಿಂದ ಲೆಕ್ಕ ಹಿಡಿದು. ವೀಸಾ ಉಳಿಯಿತು. ತಡೆ ಮುಗಿದ ವಾರದಲ್ಲೇ ಈಶಪ್ಪ ಹೊರಟ. ಆ ದಿನ ಮೈಮುನಬಿ ಒಂದು ಅರ್ಜಿಯನ್ನೂ ಸರಿಯಾಗಿ ಟೈಪ್ ಮಾಡಲಿಲ್ಲವಂತೆ. ಸಂಜೆ ಫೋನ್ ಬಂತು: "ಮುಟ್ಟೀನ್ರಿ ಅಕ್ಕಾರ." ಆಮೇಲೆಯೇ ಅವರು ರೊಟ್ಟಿ ಮುರಿದದ್ದು.

ಈಗ ವಿಜಯಪುರ, ಕೊಪ್ಪಳದಿಂದಲೂ ಇಂಥ ನೋಟೀಸು ಹಿಡಿದವರು ಅಂಗಡಿ ಹುಡುಕಿಕೊಂಡು ಬರುತ್ತಾರೆ. ಮೇಜಿನ ಮೇಲೆ ಇವತ್ತೂ ಒಂದಿದೆ, ಶೌಚಾಲಯದಲ್ಲಿ ಬೀಡಿ ಹಚ್ಚಿದವನದು. ಅದನ್ನು ಓದುತ್ತ ಅವರು ಹುಬ್ಬು ಗಂಟಿಕ್ಕುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಆ ಕಾಗದವನ್ನೇ ಬೆರಳಿನಿಂದ ತಟ್ಟುತ್ತಾರೆ.

"ಈ ನೋಟೀಸು ಕನ್ನಡದಾಗ ಬರಬೇಕ್ರಿ. ಮನ್ಯಾಗ ಹೆಂಡ್ತಿ ಓದಿ ಗಂಡಗ ಹೇಳೂಹಂಗ ಇರಬೇಕು. ಹಂಗಾದ್ರ ನನ್ನ ಹತ್ರ ಯಾರೂ ಬರಂಗಿಲ್ಲ." ಕಾಗದದಿಂದ ತಲೆ ಎತ್ತದೆ ಮುಗಿಸುತ್ತಾರೆ: "ಬರದಿದ್ರ ಭಾಳ ಚಲೋ."