ಅಣ್ಣ ರುಚಿ ನೋಡಿದ ವೈನು

ಅಣ್ಣ ಕುಡಿಯುವುದನ್ನು ಬಿಟ್ಟು ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ತಿಂಗಳು ತಪ್ಪದೆ ಅದನ್ನು ನೆನಪಿಟ್ಟುಕೊಂಡಿದ್ದವರು ಅತ್ತಿಗೆ. ಕಳಸದ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಮದ್ಯವರ್ಜನ ಶಿಬಿರಕ್ಕೆ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟುಬಂದವನು ನಾನೇ. ಮೊದಲ ಮೂರು ದಿನ ಕೈ ನಡುಗಿ ಗಂಜಿಯ ತಟ್ಟೆ ಹಿಡಿಯಲಿಕ್ಕೂ ಆಗುತ್ತಿರಲಿಲ್ಲವಂತೆ. ಶಿಬಿರ ಮುಗಿದ ದಿನ ಗಡ್ಡ ಬೋಳಿಸಿಕೊಂಡು, ಬಿಳಿ ಅಂಗಿ ಹಾಕಿಕೊಂಡು ಹೊರಗೆ ಬಂದ. ಅತ್ತಿಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಅಂಗಿಯ ತೋಳು ಹಿಡಿದುಕೊಂಡು ಕೂತಿದ್ದರು.

ನಾವು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಆ ತೋಟ ಸಿಗುತ್ತದೆ. ಅಣ್ಣ ಅಲ್ಲಿ ಪಲ್ಪರ್ ಮನೆಯ ಕೆಲಸದವನು. ಕಾಫಿ ಹಣ್ಣಿನ ಸಿಪ್ಪೆ ತೆಗೆದ ಮೇಲೆ ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಡುತ್ತಾರೆ. ಮೇಲಿನ ಲೋಳೆ ಬಿಡುವ ಹೊತ್ತಿಗೆ ಸರಿಯಾಗಿ ತೊಳೆಯಬೇಕು. ಹೊತ್ತು ಮೀರಿದರೆ ಬೀಜಕ್ಕೆ ಕೆಟ್ಟ ಹುಳಿ ಹತ್ತುತ್ತದೆ. ಲೆಕ್ಕ ಬರೆಯುವ ರೈಟರು ಗಡಿಯಾರ ನೋಡಿ ಹೇಳುತ್ತಿದ್ದರು, ಅಣ್ಣ ತೊಟ್ಟಿಯ ಅಂಚಿಗೆ ಬಗ್ಗಿ ಒಂದು ಸಲ ಉಸಿರು ಎಳೆದುಕೊಂಡು ಹೇಳುತ್ತಿದ್ದ. ಇಬ್ಬರ ಮಾತು ಬೇರೆಯಾದಾಗ ತೋಟದ ಸಾಹುಕಾರರು ಅಣ್ಣನ ಮಾತನ್ನೇ ಕೇಳುತ್ತಿದ್ದರು. ಕುಡಿತದ ಕಾಲದಲ್ಲೂ ಅವನ ಮೂಗು ಕೆಟ್ಟಿರಲಿಲ್ಲ.

ನಾನು ಪಿಯುಸಿ ಮುಗಿಸಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಅದೇ ತೋಟದಲ್ಲಿ ಸಾಹುಕಾರರ ಮಗಳು ತೆರೆದ ರೆಸಾರ್ಟಿನಲ್ಲಿ ಊಟ ಬಡಿಸುವ ಕೆಲಸಕ್ಕೆ ಸೇರಿದೆ. ಬರುವವರೆಲ್ಲ ಬೇರೆ ಊರಿನವರು. ಊಟದ ಜೊತೆ ವೈನ್ ಕೇಳುವವರು ಹೆಚ್ಚಾದ ಮೇಲೆ ಸಾಹುಕಾರರ ಮಗಳು ಎಂಟು ಬಗೆಯ ಬಾಟಲಿ ತರಿಸಿದರು. ಆರುನೂರು ರೂಪಾಯಿಯದೂ ಇತ್ತು, ನಾಲ್ಕು ಸಾವಿರದ್ದೂ ಇತ್ತು. ಯಾರಿಗೆ ಯಾವುದು ಹಿಡಿಸುತ್ತದೆ ಎಂದು ನಾನೇ ತಿಳಿದು ಹೇಳಬೇಕೆಂದರು.

ನಮ್ಮ ಕಡೆ ಪೇಟೆಯಲ್ಲಿ ‘ವೈನ್ಸ್’ ಎಂದು ಬೋರ್ಡು ಹಾಕಿದ ಅಂಗಡಿಗಳಿಗೆ ಕೊರತೆಯಿಲ್ಲ. ನಾನು ಕಂಡಂತೆ ಅಲ್ಲಿ ಖರ್ಚಾಗುವುದು ವಿಸ್ಕಿ, ಬ್ರಾಂದಿಯ ಪ್ಯಾಕೆಟ್ಟು. ವೈನು ಎಂಬುದನ್ನು ನಾನು ಬಾಯಿಗೆ ಹಾಕಿದ್ದೇ ಆ ರೆಸಾರ್ಟಿನಲ್ಲಿ. ಕಲಿಸಲು ಬೆಂಗಳೂರಿನಿಂದ ಒಬ್ಬರು ಬಂದು ಎರಡು ದಿನ ಇದ್ದರು. ಗ್ಲಾಸನ್ನು ತಿರುಗಿಸಿ ಮೂಸುವುದು, ಒಂದು ಗುಟುಕು ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳುವುದು, ಎಲ್ಲ ತೋರಿಸಿಕೊಟ್ಟರು. ಇದರಲ್ಲಿ ಸ್ಟ್ರಾಬೆರಿ ಇದೆ, ಇದರಲ್ಲಿ ವೆನಿಲಾ ಇದೆ ಎಂದರು. ನಾನು ಹೆಸರೇ ಕೇಳದ ಒಂದೆರಡು ಹಣ್ಣುಗಳನ್ನೂ ಹೇಳಿದರು. ನನಗೆ ಎಂಟಕ್ಕೆ ಎಂಟೂ ಹುಳಿಯಾಗಿ ಕಂಡವು. ಹಾಗೆಂದು ಹೇಳಲು ನಾಚಿಕೆಯಾಗಿ ಬರೆದುಕೊಂಡು ಬಂದೆ.

ಅತಿಥಿಗಳು ಬಿಟ್ಟುಹೋದ ಬಾಟಲಿಯ ತಳದಲ್ಲಿ ಉಳಿದದ್ದನ್ನು ಅಭ್ಯಾಸಕ್ಕೆ ಒಯ್ಯಲು ನನಗೆ ಅನುಮತಿ ಇತ್ತು. ಒಂದು ಸಂಜೆ ಅದನ್ನು ಸಣ್ಣ ಸೀಸೆಯಲ್ಲಿ ತಂದು ಅಣ್ಣನ ಮುಂದಿಟ್ಟೆ. ಕುಡಿಯಬೇಡ, ಮೂಸಿ ಮಾತ್ರ ಹೇಳು ಎಂದೆ. ಅವನು ಮೊದಲು ಅಂಗಳಕ್ಕೆ ಎದ್ದುಹೋದ. ಸ್ವಲ್ಪ ಹೊತ್ತಿನ ಮೇಲೆ ಬಂದು ಸೀಸೆಯನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿದ.

"ಚಕ್ಕೋತದ ಸಿಪ್ಪೆ ಸುಲಿವಾಗ ಕಣ್ಣಿಗೆ ಹಾರ್ತದಲ್ಲ, ಅದು," ಎಂದ.

ನಾನು ಗುಟುಕು ಹಾಕಿ ನೋಡಿದೆ. ಹೌದು, ಅದೇ. ಅಷ್ಟು ದಿನ ಬರೀ ಹುಳಿಯಾಗಿದ್ದದ್ದು ಚಕ್ಕೋತವಾಯಿತು. ಅವತ್ತು ನನಗಾದ ಸಂತೋಷ ಇವತ್ತಿಗೂ ಮರೆತಿಲ್ಲ, ಮರೆಯಬೇಕೆಂದುಕೊಂಡರೂ.

ಹೀಗೆ ಒಂದೊಂದಾಗಿ ಅವನು ನನಗೆ ಎಂಟನ್ನೂ ಕಲಿಸಿದ. ಆರುನೂರರ ಕೆಂಪು ವೈನು ಮರದಿಂದ ಉದುರಿ ಇರುವೆ ಮುತ್ತಿದ ನೇರಳೆ ಹಣ್ಣು. ಸಾವಿರದ ಮೇಲಿನ ಇನ್ನೊಂದು ಕೆಂಪಿಗೆ ಹಸಿ ಕಾಳುಮೆಣಸನ್ನು ಉಗುರಲ್ಲಿ ಒಡೆದ ವಾಸನೆ. ನಾಲ್ಕು ಸಾವಿರದ್ದನ್ನು ಎರಡು ಸಲ ಮೂಸಿದ. ಗೋಡೌನಿನ ಮೂಲೆಯಲ್ಲಿ ಯಾರೋ ಬೆಲ್ಲ ಇಟ್ಟು ಮರೆತುಹೋದ ಹಾಗಿದೆ, ಮೇಲೆ ಹಳೆ ಗೋಣಿ ಹೊದಿಸಿದೆ ಎಂದ. ನಾನು ಅದನ್ನೆಲ್ಲ ಅತಿಥಿಗಳಿಗೆ ಹಾಗೆಯೇ ಹೇಳಿದೆ. ಅವರು ನಕ್ಕರು, ಆಮೇಲೆ ಮೂಸಿ ನೋಡಿ ಒಪ್ಪಿದರು. ಹಾಸನದ ಕಡೆಯ ನಿವೃತ್ತ ಮೇಷ್ಟರೊಬ್ಬರು ಹೆಂಡತಿಯ ಜೊತೆ ಬಂದವರು, ಎಲ್ಲಕ್ಕಿಂತ ಕಡಿಮೆಯದು ಯಾವುದು ಎಂದು ದನಿ ತಗ್ಗಿಸಿ ಕೇಳಿದ್ದರು. ನಾನು ಆರುನೂರರದ್ದನ್ನೇ ತಂದು, ಕಡುಬು ಮತ್ತು ಹಂದಿ ಸಾರಿಗೆ ಇದರಷ್ಟು ಒಗ್ಗುವುದು ನಮ್ಮಲ್ಲಿ ಬೇರೊಂದಿಲ್ಲ ಎಂದೆ. ಸುಳ್ಳಲ್ಲ. ಹೋಗುವಾಗ ಆ ಹೆಂಗಸು ನನ್ನ ಕೈ ಹಿಡಿದು, ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ ಎಂದು ಕೇಳಿದರು. ಅಣ್ಣನ ಹೆಸರು ನನ್ನ ಬಾಯಿಗೆ ಬರಲಿಲ್ಲ. ಇಲ್ಲೇ ಕಲಿತೆ ಎಂದೆ.

ಮುಂದಿನ ವರ್ಷಕ್ಕೆ ಯಾವ ವೈನುಗಳನ್ನು ಇಡಬೇಕು ಎಂದು ಆರಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಬೇರೆ ಬೇರೆ ಕಡೆಯಿಂದ ನಮೂನೆಯ ಬಾಟಲಿಗಳು ಬಂದಿದ್ದವು. ಕಡಿಮೆಯವೂ ದುಬಾರಿಯವೂ ಸುಲಭವಾಗಿ ತೀರ್ಮಾನವಾದವು. ನಡುವಿನ ಬೆಲೆಯ ಆರು ಕೆಂಪು ವೈನುಗಳಲ್ಲಿ ಒಂದನ್ನು ಇಟ್ಟುಕೊಳ್ಳಬೇಕಿತ್ತು. ಅವು ನನಗೆ ಅಣ್ಣ-ತಮ್ಮಂದಿರ ಹಾಗೆ ಒಂದೇ ಮುಖದವಾಗಿ ಕಂಡವು.

ಒಂದು ಭಾನುವಾರ ಮಧ್ಯಾಹ್ನ ಆರನ್ನೂ ಸೀಸೆಗಳಲ್ಲಿ ತಂದು ಲೈನ್ ಮನೆಯ ಹಿಂದೆ, ಕಿತ್ತಳೆ ಗಿಡದ ಕೆಳಗೆ ಸಾಲಾಗಿ ಇಟ್ಟೆ. ಅಣ್ಣ ಎಲ್ಲವನ್ನೂ ಎರಡೆರಡು ಸಲ ಮೂಸಿದ. ತಲೆ ಅಲ್ಲಾಡಿಸಿದ.

"ಬಾಯಿಗೆ ಹಾಕ್ದೆ ಇದಕ್ಕೂ ಅದಕ್ಕೂ ವ್ಯತ್ಯಾಸ ಹೇಳಕ್ಕೆ ಆಗಲ್ಲ ಮಾರಾಯ."

ಅಲ್ಲಿಗೆ ನಾನು ಸೀಸೆಗಳನ್ನು ಎತ್ತಿಡಬೇಕಿತ್ತು. ಎತ್ತಿಡಲಿಲ್ಲ. ಕಲಿಸಲು ಬಂದಿದ್ದವರು ದಿನಕ್ಕೆ ಮೂವತ್ತು ವೈನು ರುಚಿ ನೋಡುತ್ತಾರಂತೆ, ಎಲ್ಲವನ್ನೂ ಉಗುಳುತ್ತಾರಂತೆ, ಹೊಟ್ಟೆಗೆ ಹೋಗದಿದ್ದರೆ ಅದು ಕುಡಿದ ಹಾಗಲ್ಲ ಎಂದು ನಾನು ಹೇಳಿದೆ. ಅತ್ತಿಗೆ ಹಿತ್ತಲ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಮೊರ ಕೆಳಗಿಟ್ಟರು.

"ಬೇಡ," ಎಂದರು. ಅಣ್ಣನಿಗಲ್ಲ, ನನಗೆ.

"ಉಗಿಯೋದಲ್ವ ಅತ್ತಿಗೆ. ಎಂತ ಆಗಲ್ಲ."

ಅವರು ಮೊರ ಎತ್ತಿಕೊಂಡು ಒಳಗೆ ಹೋದರು.

ಅಣ್ಣ ಮೊದಲನೆಯದನ್ನು ಬಾಯಲ್ಲಿ ಆಡಿಸಿ ಕಾಫಿ ಗಿಡದ ಬುಡಕ್ಕೆ ಉಗಿದ. ನೀರು ಮುಕ್ಕಳಿಸಿದ. ಎರಡನೆಯದೂ ಹಾಗೆಯೇ, ಮೂರನೆಯದೂ. ಪ್ರತಿಯೊಂದಕ್ಕೂ ಹೇಳುತ್ತ ಹೋದ, ನಾನು ಬರೆದುಕೊಳ್ಳುತ್ತ ಹೋದೆ. ನಾಲ್ಕನೆಯದು ಬಾಯಲ್ಲಿ ಬಹಳ ಹೊತ್ತು ಇತ್ತು. ನಾನು ಪುಸ್ತಕದಿಂದ ತಲೆ ಎತ್ತಿದಾಗ ಅವನ ಗಂಟಲಿನ ಗಂಟು ಒಂದು ಸಲ ಮೇಲೆ ಹೋಗಿ ಕೆಳಗೆ ಇಳಿಯಿತು. ಅವನು ನನ್ನನ್ನು ನೋಡಲಿಲ್ಲ. ತೋಟದ ಕಡೆ ನೋಡುತ್ತ, ಇದನ್ನು ಇಟ್ಟುಕೊ ಎಂದ. ಮುರುಗಲ ಹಣ್ಣಿನ ಹುಳಿ, ಕೊನೆಯಲ್ಲಿ ಏಲಕ್ಕಿ ಸಿಪ್ಪೆ ಅಗಿದ ಹಾಗೆ ಒಂದು ತಂಪು ಎಂದ. ಎಷ್ಟು ಸರಿಯಾದ ಮಾತು. ನಾನು ಬರೆದುಕೊಂಡೆ. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು. ನುಂಗಿದೆಯಾ ಎಂದು ಕೇಳಲಿಲ್ಲ.

ಆರಿಸಿದ್ದು ಸರಿಯಾಯಿತು. ಆ ವೈನು ಆ ವರ್ಷ ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಹೋಯಿತು. ಸಾಹುಕಾರರ ಮಗಳು ನನಗೆ ಹೊಸ ಕೋಟು ಹೊಲಿಸಿಕೊಟ್ಟರು.

ಅಣ್ಣ ಮೊದಮೊದಲು ನನ್ನ ಬಳಿಯೇ ಕೇಳಿದ. ಹೊಸದೇನಾದರೂ ಬಂದಿದೆಯಾ, ಮೂಸಿ ಹೇಳುತ್ತೇನೆ ಎನ್ನುತ್ತಿದ್ದ. ನಾನು ತರುವುದನ್ನು ನಿಲ್ಲಿಸಿದ ಮೇಲೆ ಅವನು ಕೇಳುವುದನ್ನೂ ನಿಲ್ಲಿಸಿದ. ಆಗ ನನಗೆ ಸಮಾಧಾನವೇ ಆಗಿತ್ತು. ಒಂದು ಸಂತೆಯ ದಿನ ಅತ್ತಿಗೆ ಅವನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಬ್ರಾಂದಿಯ ಖಾಲಿ ಪ್ಯಾಕೆಟ್ಟು ಸಿಕ್ಕಿತು. ಅವರು ಅದನ್ನು ತಂದು ನನ್ನ ಕೈಗೆ ಕೊಟ್ಟು ಹೋದರು.

ಶಿಬಿರದವರು ಮನೆಗೆ ಬಂದರು. ಅವನು ಅವರಿಗೆ ಚಹ ಕೊಟ್ಟು ಎಲ್ಲದಕ್ಕೂ ಹೂಂ ಎಂದ. ನಾನು ಬೈದೆ, ಬೇಡಿಕೊಂಡೆ. ಇನ್ನೊಂದು ಶಿಬಿರಕ್ಕೆ ಹೊರಡಿಸಿದೆ, ಬೆಳಿಗ್ಗೆ ಎದ್ದು ನೋಡಿದರೆ ಅವನು ಮನೆಯಲ್ಲಿರಲಿಲ್ಲ. ಆ ಸುಗ್ಗಿಯಲ್ಲಿ ಎರಡು ತೊಟ್ಟಿಯ ಕಾಫಿ ಹುಳಿ ಹತ್ತಿ ಕೆಟ್ಟಿತು. ಅವನು ಅಂಚಿಗೆ ಬಗ್ಗಿ ಮೂಸಿ, ಇನ್ನೂ ಆಗಿಲ್ಲ ಎಂದಿದ್ದನಂತೆ. ಸಾಹುಕಾರರು ಬೈಯಲಿಲ್ಲ. ಗೊಬ್ಬರ ಹಾಕುವ ಗುಂಪಿಗೆ ಕಳಿಸಿದರು. ಅಣ್ಣನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ಅವನ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿಕೊಂಡಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದ. ಹಗಲು ನಾನು, ರಾತ್ರಿ ಅತ್ತಿಗೆ ಜೊತೆಗಿರುತ್ತಿದ್ದೆವು. ಒಂದು ಮಧ್ಯಾಹ್ನ ಎಳನೀರು ಕುಡಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಅವತ್ತು ನಾಲ್ಕನೇದನ್ನ ನೀನು ನುಂಗಿದ್ದು ನಾನು ನೋಡಿದ್ದೆ ಅಣ್ಣ," ಎಂದೆ.

"ಗೊತ್ತು," ಎಂದ. ಸ್ವಲ್ಪ ಸುಧಾರಿಸಿಕೊಂಡು, "ನೀನು ಕೇಳ್ತೀಯಾ ಅಂತ ಕಾದೆ. ಕೇಳಿದ್ರೆ ಇಲ್ಲ ಅಂತಿದ್ದೆನೋ ಏನೋ. ಆದ್ರೂ ಕೇಳ್ತೀಯಾ ಅಂತ ಕಾದೆ."

ನಾನು ಅಳತೊಡಗಿದೆ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಅಣ್ಣ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ನಿನ್ನದೇ ತಪ್ಪು ಎಂದೂ ಹೇಳಲಿಲ್ಲ. ಎಳನೀರು ಸಾಕು ಎಂದ. ಅದಾದ ಐದನೆಯ ದಿನ ಹೋದ.

ತಿಥಿ ಮುಗಿದ ಮೇಲೆ ಸಾಹುಕಾರರ ಮಗಳ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅತಿಥಿಗಳು ಮೆಚ್ಚಿದ ಒಂದು ಮಾತೂ ನನ್ನದಲ್ಲ, ಇನ್ನು ನಾನು ವೈನು ಬಡಿಸುವುದಿಲ್ಲ ಎಂದೆ. ಅವರು, ನನಗೆ ಒಂದು ಮಾತು ಹೇಳಬಾರದಿತ್ತಾ ಎಂದರು. ನನ್ನನ್ನು ರೂಮುಗಳ ಉಸ್ತುವಾರಿಗೆ ಹಾಕಿದರು. ವೈನಿನ ಕೆಲಸಕ್ಕೆ ಮಂಗಳೂರಿನಿಂದ ಒಬ್ಬರು ಬಂದಿದ್ದಾರೆ. ಅವರಿಗೆ ಎಲ್ಲ ಹಣ್ಣುಗಳ ಹೆಸರೂ ಗೊತ್ತಿದೆ. ನಾನು ಊಟದ ಹಾಲ್ ದಾಟಿ ಹೋಗುವಾಗ ಗ್ಲಾಸಿನ ವಾಸನೆ ಬಂದರೆ ಈಗಲೂ ಯಾವುದೆಂದು ತಿಳಿಯುತ್ತದೆ. ತಿಳಿಯದೆ ಇದ್ದಿದ್ದರೆ ಚೆನ್ನಾಗಿತ್ತು.

ಅತ್ತಿಗೆ ವರ್ಷಾಬ್ದಿಕದವರೆಗೆ ಲೈನ್ ಮನೆಯಲ್ಲಿದ್ದರು. ಒಂದೇ ಒಲೆಯ ಮೇಲೆ ಅಡುಗೆ ಮಾಡಿ ನನಗೂ ಬಡಿಸುತ್ತಿದ್ದರು, ಮಾತು ಮಾತ್ರ ಇರಲಿಲ್ಲ. ಅವರು ಬೈದಿದ್ದರೆ ಅದನ್ನು ಕೇಳಿಸಿಕೊಂಡು ಕೂರಬಹುದಿತ್ತು. ವರ್ಷ ಕಳೆದ ಮೇಲೆ ವಸ್ತಾರೆಯ ಹತ್ತಿರದ ತಮ್ಮ ತವರಿಗೆ ಹೊರಟರು. ಅಲ್ಲಿ ಕಾಫಿ ಸಸಿಯ ನರ್ಸರಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಟ್ರಂಕು ಹೊತ್ತುಕೊಂಡು ಬಸ್ಸಿನವರೆಗೆ ಹೋದೆ. ಬಸ್ಸು ಹತ್ತುವ ಮೊದಲು ಅವರು ತಿರುಗಿ ನಿಂತರು.

"ಬರೋದು ಬಿಡ್ಬೇಡ," ಎಂದರು. "ಆದ್ರೆ ಬಂದಾಗ ಅವರ ವಿಷ್ಯ ಎತ್ಬೇಡ. ನಂಗೆ ಆಗಲ್ಲ."

ತಿಂಗಳಿಗೊಂದು ಸಲ ಹೋಗುತ್ತೇನೆ. ನರ್ಸರಿಯ ಚಪ್ಪರದ ಕೆಳಗೆ ಅವರು ಪಾಲಿಥೀನ್ ಚೀಲಗಳಿಗೆ ಮಣ್ಣು ತುಂಬುತ್ತಾರೆ. ನಾನೂ ಪಕ್ಕದಲ್ಲಿ ಕೂತು ತುಂಬುತ್ತೇನೆ. ಈ ಸಲ ಮಳೆ ತಡವಾಯಿತು, ಸಸಿಗಳಿಗೆ ನೀರು ಸಾಲುತ್ತಿಲ್ಲ ಎಂದು ಅವರು ಹೇಳುತ್ತಾರೆ. ಆನೆ ಬಂದು ರೆಸಾರ್ಟಿನ ಬೇಲಿ ಮುರಿದದ್ದನ್ನು ನಾನು ಹೇಳುತ್ತೇನೆ. ಕೊನೆಯ ಬಸ್ಸಿನ ಹೊತ್ತಾದಾಗ ಅವರು ಕೈ ತೊಳೆಯಲು ನೀರು ಕೊಡುತ್ತಾರೆ.