ಕಾಲು ಕತ್ತರಿಸಿ ಕಾಲು ಕಾಯುವ ಲುಫೆಯೊ

ಬೆಳಗಿನ ಐದೂವರೆ. ಲಿಂಬೆ ಎಂಬ ಊರಿನ ಪೇಟೆಯ ಬೀಗದಂಗಡಿ ಇನ್ನೂ ಬಾಗಿಲು ತೆರೆದಿಲ್ಲ. ಅದರ ಜಗಲಿಯಲ್ಲಿ ಲುಫೆಯೊ ಚಿಪೇಟ ಆಗಲೇ ಹೊಲಿಗೆ ಯಂತ್ರ ತುಳಿಯುತ್ತಿದ್ದಾರೆ. ಸೈಕಲ್ ಟ್ಯಾಕ್ಸಿ ಓಡಿಸುವ ಯೊಸೆಫಾಟಿ ಏದುಸಿರು ಬಿಡುತ್ತಾ ಬರುತ್ತಾನೆ.

"ಯಜಮಾನ್ರೇ, ನನ್ನ ಕಾಲು ಕೊಡಿ! ಹತ್ತು ಗಂಟೆಗೆ ಹುಡುಗಿಯ ಸೋದರಮಾವನ ಮುಂದೆ ಕೂರ್ಬೇಕು."

ಗಾಬರಿ ಬೇಡ. ಚೈನಿಗೆ ಪ್ಯಾಂಟು ಸಿಕ್ಕಿ ಬೀಳುವ ಸೈಕಲ್‌ನವರಿಗೆ ಮೂವತ್ತೊಂದು ವರ್ಷದಿಂದ ಹಳೆಯ ಪ್ಯಾಂಟು ಕತ್ತರಿಸಿ ಚಡ್ಡಿ ಮಾಡಿಕೊಡುವವರು ಲುಫೆಯೊ. ದಿನಕ್ಕೆ ಎಂಟು. ಮಂಡಿ ಮುಟ್ಟುವುದು, ಆರು ಜೇಬಿನದು, ಮುದುಕ ಮೇಷ್ಟ್ರುಗಳು ಕೇಳುವ ಅಗಲ ಬಾಯಿಯದು, ಎಲ್ಲ ಉಂಟು. ಆದರೆ ಚಡ್ಡಿಯಲ್ಲಿ ಹೋದವನನ್ನು ಮದುವೆ ಮಾತಿನಲ್ಲಾಗಲಿ ಸಾವಿನ ಮನೆಯಲ್ಲಾಗಲಿ ನಮ್ಮ ಹಿರಿಯರು ಚಾಪೆಗೆ ಕರೆಯುವುದಿಲ್ಲ. ಅದಕ್ಕೇ ಕತ್ತರಿಸಿದ ಪ್ಯಾಂಟಿನ ಕಾಲುಗಳನ್ನು ಲುಫೆಯೊ ಗಂಟು ಕಟ್ಟಿ ತೂಗುಹಾಕಿರುತ್ತಾರೆ. ಬೇಕಾದಾಗ ಹೊಲಿಸಿಕೊಂಡು ಹೋಗಬಹುದು. ಮಂಡಿಯ ಹೊಲಿಗೆ ಕಂಡರೂ ಕಾಣದಂತಿರುವುದು ಊರಿನ ಮರ್ಯಾದೆ.

ಗಂಟಿನ ಮೇಲೆ ಹೆಸರಿಲ್ಲ. "ಬಟ್ಟೆ ನೋಡಿದ್ರೆ ಸಾಕು, ಯಾರದ್ದು ಅಂತ ಗೊತ್ತಾಗತ್ತೆ" ಎಂಬ ಜಂಬ ಇವರದು. ಇವತ್ತು ಆ ಜಂಬ ಕೈಕೊಟ್ಟಿದೆ. ನಲವತ್ತೊಂದು ಗಂಟು ಬಿಚ್ಚಿದರೂ ಯೊಸೆಫಾಟಿಯ ಖಾಕಿ ಕಾಲುಗಳಿಲ್ಲ.

"ಬಲಗಾಲಲ್ಲಿ ಚೈನಿನ ಎಣ್ಣೆ ಕಲೆ ಇತ್ತಲ್ಲ, ಮೂರು ಬೆರಳಿನಷ್ಟು?"

ಲುಫೆಯೊ ಹಣೆ ಚಚ್ಚಿಕೊಳ್ಳುತ್ತಾರೆ. "ನಿನ್ನೆ ಸಂಜೆ ಯಾರೋ ಹಿರೀಕರು ಬಂದ್ರು. ಅವರದೂ ಖಾಕಿ. ನಿನ್ನ ಕಾಲನ್ನೇ ಅವರ ಚಡ್ಡಿಗೆ ಹೊಲಿದು ಕಳಿಸ್ಬಿಟ್ಟೆ ಕಣೋ! ಅವರದ್ದು ಇಲ್ಲೇ ಇದೆ, ಆದ್ರೆ ಇಲಿ ಕಡಿದಿದೆ."

ಯೊಸೆಫಾಟಿ ಅಳುವುದೊಂದು ಬಾಕಿ. ಎರಡು ವರ್ಷ ಕಾದ ಹುಡುಗಿ ಕೈತಪ್ಪುತ್ತಾಳೆ. ಲುಫೆಯೊ ತಮ್ಮ ಖಾಕಿ ಪ್ಯಾಂಟು ಕಳಚಿ, ಸೊಂಟಕ್ಕೊಂದು ಬಟ್ಟೆ ಸುತ್ತಿ, ಕತ್ತರಿ ಎತ್ತುತ್ತಾರೆ. ಅದರ ಕಾಲುಗಳು ಯೊಸೆಫಾಟಿಯ ಚಡ್ಡಿಗೆ, ಉಳಿದ ಚಡ್ಡಿ ತಮಗೆ. ಸಾವಿರಾರು ಚಡ್ಡಿ ಹೊಲಿದವರು ದೊಡ್ಡವರಾದ ಮೇಲೆ ಒಂದನ್ನೂ ತೊಟ್ಟವರಲ್ಲ. ಮಂಡಿ ತೋರಿಸಲು ನಾಚಿಕೆ.

ಯೊಸೆಫಾಟಿ ಹೋದ ಮೇಲೆ ಪಕ್ಕದಲ್ಲಿ ಮಂಡಾಸಿ ಎಂಬ ಸಿಹಿ ಬೋಂಡ ಕರಿಯುವ ತಿಯಾಮಿಕೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾಳೆ. "ಅರವತ್ತೆರಡು ವರ್ಷ ಬಚ್ಚಿಟ್ಟಿದ್ದು ಈ ಕಡ್ಡಿಗಳನ್ನೇನಣ್ಣಾ? ಸೌದೆ ಕಡಿಮೆ ಬಿದ್ರೆ ಕೇಳ್ತೀನಿ ಇರು."

"ನಿನ್ನ ಬಾಣಲೆ ನೋಡ್ಕೊಳ್ಳಮ್ಮ, ಸೀಯ್ತಾ ಇದೆ" ಎನ್ನುತ್ತಾರೆ ಇವರು. ಕಣ್ಣು ಮಾತ್ರ ರಸ್ತೆಯಲ್ಲೇ ಇದೆ. ಮಧ್ಯಾಹ್ನದ ಮೆಕ್ಕೆಜೋಳದ ನ್ಸಿಮಾ ಮುದ್ದೆ ತಟ್ಟೆಯಲ್ಲೇ ಆರುತ್ತದೆ.

ಮೂರು ಗಂಟೆಗೆ ಯೊಸೆಫಾಟಿ ಬರುತ್ತಾನೆ, ಮುಖವೆಲ್ಲ ಹಲ್ಲು.

"ಒಪ್ಪಿದ್ರು! ಮಾವ ಚಾಪೆ ಮೇಲೆ ಕಾಲು ಚಾಚಿ ಕೂತ್ರು. ನೋಡ್ತೀನಿ, ಬಲಗಾಲಲ್ಲಿ ನನ್ನ ಎಣ್ಣೆ ಕಲೆ!"

"ನೀನೇನಂದೆ?"

"ಏನೂ ಅನ್ಲಿಲ್ಲ. ಕಲೇನೇ ನೋಡ್ತಾ ಕೂತೆ. ಅವರು ನನ್ನ ಮಂಡಿ ನೋಡಿದ್ರು, ಎರಡು ಸಲ ಕೆಮ್ಮಿದ್ರು, 'ಹುಡುಗ ಮರ್ಯಾದಸ್ಥ, ಆಗ್ಲಿ' ಅಂದ್ರು." ಬಗ್ಗಿ ಹೊಲಿಗೆ ತೋರಿಸುತ್ತಾನೆ. "ನಿಮ್ಮ ಕಾಲು ಬಿಚ್ಕೊಳ್ಳಿ ಯಜಮಾನ್ರೇ."

ಲುಫೆಯೊ ತಮ್ಮ ಬರಿ ಮಂಡಿಗಳನ್ನು ಒಮ್ಮೆ ಸವರಿಕೊಳ್ಳುತ್ತಾರೆ.

"ಮದುವೆವರೆಗೂ ಇರ್ಲಿ. ಚೈನಿಗೆ ಸಿಗದ ಹಾಗೆ ಮಡಚ್ಕೊ. ಅಲ್ಲೀವರೆಗೆ ಇವಕ್ಕೂ ಸ್ವಲ್ಪ ಗಾಳಿ ಆಡ್ಲಿ."