ದೊಡ್ಡಮ್ಮನ ಮೊದಲನೇ ವೋಟು

ಹೇಮಾಕ್ಷಿ ದೊಡ್ಡಮ್ಮ ಮೂವತ್ತು ವರ್ಷದ ಹತ್ತಿರ ವಿಜಯವಾಡದಲ್ಲಿ ಸಂಸಾರ ಮಾಡಿದವಳು. ಒಮ್ಮೆಯೂ ವೋಟು ಹಾಕಿದವಳಲ್ಲ. ಆದರೆ ಅವಳ ವೋಟು ಮಾತ್ರ ಒಂದು ಚುನಾವಣೆಯಲ್ಲೂ ತಪ್ಪದೆ ಬಿದ್ದಿದೆ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ, ತಿಪಟೂರಿನವಳು. ದೊಡ್ಡಪ್ಪ ಬ್ಯಾಂಕಿನಲ್ಲಿದ್ದರು, ವರ್ಗವಾಗಿ ವಿಜಯವಾಡಕ್ಕೆ ಬಂದವರು ಅಲ್ಲೇ ಫ್ಲ್ಯಾಟು ಕೊಂಡು ನಿಂತರು. ಆ ಕಾಲೊನಿಯ ತುಂಬ ಕನ್ನಡದ ಬ್ಯಾಂಕಿನವರೇ. ಚುನಾವಣೆ ಬರುವುದು ಬೇಸಿಗೆಯಲ್ಲಿ, ಬೇಸಿಗೆಯಲ್ಲಿ ಇವರೆಲ್ಲ ಊರಿಗೆ. ಹೊರಡುವಾಗ ಮನೆಯ ಕೀಲಿಕೈ, ತುಳಸಿಗೆ ನೀರು ಹಾಕುವ ಕೆಲಸ, ವೋಟಿನ ಚೀಟಿ, ಮೂರನ್ನೂ ಬಾಬ್ಜಿಗೆ ಒಪ್ಪಿಸುವುದು ಕಾಲೊನಿಯ ಪದ್ಧತಿ. ಬಾಬ್ಜಿ ಪಕ್ಕದ ಬೀದಿಯ ಕೇಬಲ್ ಟಿವಿಯವನು. ಗ್ಯಾಸ್ ಸಿಲಿಂಡರಿನಿಂದ ರೈಲು ಟಿಕೆಟ್ಟಿನವರೆಗೆ ಎಲ್ಲ ಮಾಡಿಸಿಕೊಡುವವನು. ಚುನಾವಣೆ ಬಂದರೆ ಒಂದು ಪಕ್ಷದ ಆಳು. "ಬಾಬ್ಜಿ ನೋಡ್ಕೋತಾನೆ ಬಿಡು" ಅನ್ನುತ್ತಿದ್ದರು ದೊಡ್ಡಪ್ಪ. ಅವನು ನೋಡಿಕೊಂಡ. ತುಳಸಿ ಒಂದು ಸಲವೂ ಒಣಗಲಿಲ್ಲ.

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ವಿಶಾಖಪಟ್ಟಣಕ್ಕೆ ನನ್ನ ಜೊತೆ ಇರಲು ಬಂದಳು. ನನ್ನ ಗಂಡ ಶಶಾಂಕ್ ನೇವಿಯವರು, ಮನೆಗಿಂತ ಹಡಗಿನಲ್ಲೇ ಹೆಚ್ಚು. ಮಗಳು ಜಾಹ್ನವಿ ಇನ್ನೂ ಎದೆಹಾಲು ಬಿಟ್ಟಿಲ್ಲ. ಕಳೆದ ಚುನಾವಣೆಯ ದಿನ ಗೊತ್ತಾದಾಗ ಮಗುವಿಗೆ ಎಣ್ಣೆ ತಿಕ್ಕುತ್ತಾ ದೊಡ್ಡಮ್ಮ ಅಂದಳು: "ನಾನು ವಿಜಯವಾಡಕ್ಕೆ ಹೋಗ್ಬೇಕು ಕಣೇ. ನಿಮ್ ದೊಡ್ಡಪ್ಪನ ವೋಟೂ ಬಾಬ್ಜಿದು, ನಂದೂ ಬಾಬ್ಜಿದು. ಒಂದ್ಸಲನಾದ್ರೂ ನಂದು ನಂದಾಗ್ಲಿ."

ಅವಳಿಗೆ ಬಿಪಿ, ಒಬ್ಬಳನ್ನೇ ಹೇಗೆ ಕಳಿಸಲಿ? ಮಗುವಿಗೆ ಬೆವರುಸಾಲೆ, ರೈಲಿನಲ್ಲಿ ಹೇಗೆ ಎತ್ತಿಕೊಂಡು ಹೋಗಲಿ? ಫೋನಿನಲ್ಲಿ ಶಶಾಂಕ್ ಬೈದರು: "ಒಂದು ವೋಟಿಗೆ ಅಷ್ಟು ದೂರಾನಾ? ತಲೆ ಕೆಟ್ಟಿದೆಯಾ?" ಹೋದೆವು.

ಕನಕದುರ್ಗೆಯ ಇಂದ್ರಕೀಲಾದ್ರಿ ಬೆಟ್ಟ ಕಾಣುವ ಒಂದು ಶಾಲೆಯಲ್ಲಿ ಮತಗಟ್ಟೆ. ರಸ್ತೆಯಾಚೆ ಶಾಮಿಯಾನದಡಿ ಕೂತಿದ್ದ ಬಾಬ್ಜಿ ನಮ್ಮನ್ನು ಕಂಡು ಎದ್ದು ಓಡಿಬಂದ. ಕಾಲೊನಿಯಲ್ಲಿ ಕಲಿತ ಕನ್ನಡ ಅವನದು, ಬಿಸಿಲಿಗೆ ಇನ್ನೂ ತೆಲುಗಿನ ಎಂಡವೇ.

"ಅಮ್ಮಗಾರೂ! ಈ ಎಂಡಲ್ಲಿ ವೈಜಾಗಿಂದ ಬಂದ್ರಾ? ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲಾ!"

ಮುಖದಲ್ಲಿ ನಗುವಿತ್ತು, ಕಣ್ಣಲ್ಲಿರಲಿಲ್ಲ.

ಒಳಗೆ ಕೂತಿದ್ದವನು ಹಾಳೆಯ ಮೇಲೆ ಬೆರಳಾಡಿಸಿ ನಿಲ್ಲಿಸಿದ. "ಮೀ ಓಟು ಅಯಿಪೋಯಿಂದಮ್ಮಾ." ವೋಟು ಆಗಿಹೋಗಿದೆಯಂತೆ. ಬೆಳಿಗ್ಗೆಯೇ ಯಾರೋ ಬಂದು ಅವಳ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿ ಹೋಗಿದ್ದಾರೆ.

"ಹೆಬ್ಬೆಟ್ಟಾ? ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು ನಾನು! ಕದಿಯೋರು ಒಂದು ಸೈನಾದ್ರೂ ನೆಟ್ಟಗೆ ಹಾಕ್ಬಾರ್ದಾ?"

ಮತಗಟ್ಟೆ ಅಧಿಕಾರಿ ಚಂದ್ರಮೌಳಿ ಎಂಬವರು ಎದ್ದು ಬಂದರು. ಗಲಾಟೆ ಬೇಡ, ಮನೆಗೆ ಹೋಗಿ ಎಂದು ತೆಲುಗಿನಲ್ಲಿ ಮೆತ್ತಗೆ ಹೇಳಿದರು. ದೊಡ್ಡಮ್ಮ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತಳು. ಸಾಲಿನಲ್ಲಿದ್ದವನೊಬ್ಬ ಗೊಣಗಿದ, ಒಂದು ಓಟಿಗೆ ಇಷ್ಟು ರಾದ್ಧಾಂತವೇ ಎಂದು.

"ನಿಂದು ಹೋಗಿದ್ರೆ ಗೊತ್ತಾಗ್ತಿತ್ತು ಕಣಯ್ಯಾ!" ಅವಳು ಕನ್ನಡದಲ್ಲೇ ಅಂದಳು. ಅವನಿಗೆ ಅರ್ಥವಾಯಿತು.

ಜಾಹ್ನವಿ ಅಳತೊಡಗಿದಳು. ಚಂದ್ರಮೌಳಿ ಬೆವರೊರೆಸಿಕೊಂಡು ಯಾರಿಗೋ ಫೋನು ಮಾಡಿದರು, ಕೈಪಿಡಿಯ ಹಾಳೆ ತಿರುವಿದರು, ದೊಡ್ಡಮ್ಮನನ್ನು ಹೆಸರು, ವಿಳಾಸ, ಗಂಡನ ಹೆಸರು ಕೇಳಿದರು. ಕೊನೆಗೆ ಒಂದು ಕಾಗದದ ಮತಪತ್ರ ತೆಗೆದರು. ಟೆಂಡರ್ಡ್ ವೋಟು ಅಂತೆ, ನಮ್ಮ ಹೆಸರಿನಲ್ಲಿ ಬೇರೆಯವರು ಹಾಕಿಹೋಗಿದ್ದರೆ ಕೊಡುವುದು. ಯಂತ್ರದಲ್ಲಿ ಒತ್ತುವಂತಿಲ್ಲ, ಇದರ ಮೇಲೆ ಮುದ್ರೆ ಹಾಕಿ ಕೊಟ್ಟರೆ ಬೇರೆ ಲಕೋಟೆಯಲ್ಲಿ ಇಡುತ್ತಾರೆ.

"ಇದನ್ನ ಎಣಿಸ್ತಾರಾ ಕೇಳೇ."

ಕೇಳಿದೆ. ಅವರು ನನ್ನ ಮುಖ ನೋಡದೆ ಹೇಳಿದರು: ಸಾಮಾನ್ಯವಾಗಿ ಇಲ್ಲ. ಯಾರಾದರೂ ಕೇಸು ಹಾಕಿ, ಕೋರ್ಟು ಹೇಳಿದರೆ ಮಾತ್ರ.

ಮೈ ಉರಿದುಹೋಯಿತು. ಕದ್ದದ್ದು ಯಂತ್ರದೊಳಗೆ, ಅದಕ್ಕೆ ಲೆಕ್ಕ ಉಂಟು. ಬಿಸಿಲಲ್ಲಿ ರೈಲು ಹತ್ತಿ ಬಂದದ್ದು ಲಕೋಟೆಯೊಳಗೆ, ಅದಕ್ಕಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ದಿನಾ ಸಂವಿಧಾನದ ಪ್ರಸ್ತಾವನೆ ಒದರಿದವಳು ನಾನು. ಹದಿನೆಂಟು ತುಂಬಿದವರಿಗೆಲ್ಲ ಒಂದು ವೋಟು ಎಂದು ಬರೆದು ಅಂಕ ಪಡೆದವಳು. ಆ ಒಂದನ್ನು ಕದ್ದರೆ ಏನು ಮಾಡಬೇಕೆಂದು ಯಾವ ಮೇಷ್ಟರೂ ಹೇಳಿಕೊಡಲಿಲ್ಲ.

"ಬೇಡ ಬಾ ದೊಡ್ಡಮ್ಮ. ಇದು ನಾಟಕ."

"ಸುಮ್ನಿರೇ. ಅಷ್ಟು ದೂರದಿಂದ ಬಂದು ಮುದ್ರೆ ಹಾಕ್ದೆ ಹೋಗ್ಲಾ?"

ರಟ್ಟಿನ ಮರೆಗೆ ಹೋದಳು. ಸಾಲಿನವರು ಮತ್ತೆ ಗೊಣಗುವಷ್ಟು ಹೊತ್ತು ಅಲ್ಲೇ ಇದ್ದಳು.

ಹೊರಗೆ ಬಾಬ್ಜಿ ಮಜ್ಜಿಗೆ ಪ್ಯಾಕೆಟ್ಟು ಹಿಡಿದು ಕಾದಿದ್ದ. "ಕೋಪ ಮಾಡ್ಕೋಬೇಡಿ ಅಮ್ಮಗಾರೂ. ಸಾರ್ ಇದ್ದಾಗ ಹಿಂಗೇ ತಾನೇ ನಡೀತಿದ್ದಿದ್ದು?"

"ಹೂಂ. ಆವಾಗ ನಾವೇ ಕೊಟ್ಟಿದ್ವಿ. ಈ ಸಲ ನಿಂಗ್ ಕೊಟ್ಟೋರ್ಯಾರು?"

ಅವನು ಮಜ್ಜಿಗೆಯನ್ನು ನನ್ನ ಕಡೆ ಚಾಚಿದ. ನಾನು ಮುಟ್ಟಲಿಲ್ಲ.

"ಕೀಲಿಕೈ ಕೊಡು," ಅಂದಳು ದೊಡ್ಡಮ್ಮ. "ನನ್ ಮನೇದು."

ಅವನು ಸ್ಕೂಟರಿನ ಡಬ್ಬಿಯಿಂದ ಗೊಂಚಲು ತೆಗೆದ. ಇಡೀ ಕಾಲೊನಿಯೇ ಅದರಲ್ಲಿ ನೇತಾಡುತ್ತಿತ್ತು. ತನ್ನದನ್ನು ಬಿಡಿಸಿಕೊಂಡು, ಪಕ್ಕದ ಕೀಲಿಯನ್ನು ಎತ್ತಿ ಹಿಡಿದಳು. "ಇದು ಎದುರುಮನೆ ಸುಬ್ರಹ್ಮಣ್ಯಂದು. ಫೋನ್ ಮಾಡೇ ಅವನಿಗೆ."

ಮಾಡಿದೆ. ಅವರು ಹಾಸನದಲ್ಲಿ ಮಾವನ ಮನೆಯಲ್ಲಿದ್ದರು. ನಾನು ನಡೆದದ್ದು ಹೇಳತೊಡಗುವ ಮೊದಲೇ ನಕ್ಕರು. "ಓಹೋ, ಇವತ್ತು ಎಲೆಕ್ಷನ್ ಅಲ್ವಾ! ನಮ್ದೇನೂ ಯೋಚ್ನೆ ಇಲ್ಲಮ್ಮಾ. ಬಾಬ್ಜಿ ನೋಡ್ಕೋತಾನೆ."

ದೊಡ್ಡಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ನಡುರಸ್ತೆಯಲ್ಲಿ ನಿಂತು ಆ ಮನುಷ್ಯನಿಗೆ ಅವಳು ಬೈದ ಬೈಗುಳವನ್ನು ನಾನಿಲ್ಲಿ ಬರೆಯುವಂತಿಲ್ಲ. ಜಾಹ್ನವಿ ಅಳು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಕೇಳಲಿ ಎಂದು ಬಿಟ್ಟೆ.